ಅಪ್ಪನ ಹುಟ್ಟು, ರೆಡ್‌ಗ್ರೇವ್‌ನ ಹುಟ್ಟು

ಅಪ್ಪನಿಗೆ ಬಾಯಾರಿಕೆ ಶುರುವಾಗಿದ್ದು 1998ರ ಮಳೆಗಾಲದಲ್ಲಿ. ಹೊರಗೆ ಶರಾವತಿ ತುಂಬಿ ಹರಿಯುತ್ತಿತ್ತು. ಒಳಗೆ ಅಪ್ಪ ರಾತ್ರಿ ನಾಲ್ಕೈದು ಸಲ ಎದ್ದು ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದ. ಉಪ್ಪಿನಕಾಯಿ ಜಾಸ್ತಿ ತಿಂದಿದ್ದಕ್ಕೆ ಇರಬೇಕು ಅಂತ ಆಯಿ ಅಂದುಕೊಂಡಿದ್ದಳು. ಚೌತಿ ಹಬ್ಬದ ಹೊತ್ತಿಗೆ ಅವನ ಅಂಗಿ ಹೆಗಲಿನಿಂದ ಜಾರತೊಡಗಿತು. ಹೊನ್ನಾವರಕ್ಕೆ ಹೋಗಿ ರಕ್ತ ಕೊಟ್ಟು ಬಂದ. ಮರುದಿನ ರಿಪೋರ್ಟು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದವನು ಜಗಲಿಯಲ್ಲಿ ಕೂತು ಹೇಳಿದ್ದು ಎರಡೇ ಮಾತು. "ಶುಗರ್ ಬಂದಿದೆಯಂತೆ."

ಅವನಿಗೆ ಆಗ 44 ವರ್ಷ. ನನಗೆ 14.

ಅಪ್ಪ ಚೆನ್ನಾಗಿ ದೋಣಿ ನಡೆಸುತ್ತಿದ್ದ. ನಮ್ಮ ತೋಟದ ಒಂದು ತುಂಡು ನದಿಯಾಚೆಯ ಕುರ್ವೆಯಲ್ಲಿತ್ತು, ಅಂದರೆ ನಡುಗಡ್ಡೆಯಲ್ಲಿ. ತೆಂಗಿನಕಾಯಿ, ಅಡಿಕೆ ಗೊನೆ, ಸೊಪ್ಪಿನ ಹೊರೆ, ಎಲ್ಲವೂ ಮನೆಯ ಸಣ್ಣ ದೋಣಿಯಲ್ಲೇ ಬರಬೇಕಿತ್ತು. ಭರತ ಎಷ್ಟೊತ್ತಿಗೆ, ಇಳಿತ ಎಷ್ಟೊತ್ತಿಗೆ ಅನ್ನುವುದು ಅವನಿಗೆ ಬಾಯಿಪಾಠ. ಅವನು ಹುಟ್ಟು ಹಾಕುವಾಗ ನೀರಿನ ಸದ್ದೇ ಆಗುತ್ತಿರಲಿಲ್ಲ. ಕನ್ನಡದಲ್ಲಿ ಜನ್ಮಕ್ಕೂ ಹುಟ್ಟು ಅಂತೀವಿ, ದೋಣಿ ನಡೆಸುವ ಕೋಲಿಗೂ ಹುಟ್ಟು ಅಂತೀವಿ. ಸಣ್ಣವನಿದ್ದಾಗ ನನಗೆ ಇದು ದೊಡ್ಡ ಸೋಜಿಗ. "ಅಪ್ಪಾ, ನೀನು ಹುಟ್ಟು ಹಾಕಿದರೆ ಏನು ಹುಟ್ಟುತ್ತೆ?" ಅಂತ ಕೇಳಿದ್ದೆನಂತೆ. "ಆಚೆ ದಡ" ಅಂದಿದ್ದನಂತೆ.

ಶುಗರ್ ಬಂದ ಮೇಲೆ ಅಪ್ಪ ಒಂದೊಂದನ್ನೇ ಬಿಡುತ್ತಾ ಹೋದ. ಮೊದಲು ಬೆಲ್ಲದ ಚಾ. ಆಮೇಲೆ ತೊಡದೇವು, ಹಲಸಿನ ಹಣ್ಣು. ಇವನ್ನು ಕಡಿಮೆ ಮಾಡಲೇಬೇಕಿತ್ತು, ಸರಿ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಪಂಕ್ತಿಯಲ್ಲಿ ಕೂತರೆ ಎಲ್ಲರೂ ತನ್ನ ಎಲೆಯನ್ನೇ ನೋಡುತ್ತಾರೆ ಅಂತ ಮದುವೆ ಮನೆಗೆ ಹೋಗುವುದನ್ನು ಬಿಟ್ಟ. ನಿದ್ದೆಗೆಟ್ಟರೆ ಶುಗರ್ ಏರುತ್ತೆ ಅಂತ ಯಕ್ಷಗಾನ ಬಿಟ್ಟ. ಒಮ್ಮೆ ನದಿಯಲ್ಲಿ ಇಳಿಯುವಾಗ ಚಿಪ್ಪು ತಾಗಿ ಕಾಲಿಗೆ ಗಾಯವಾಯಿತು, ಎರಡು ತಿಂಗಳಾದರೂ ಮಾಯಲಿಲ್ಲ. ಆಮೇಲೆ ದೋಣಿಯನ್ನೂ ಬಿಟ್ಟ. ಕುರ್ವೆಯ ತೋಟವನ್ನು ಗೇಣಿಗೆ ಕೊಟ್ಟೆವು. ದೋಣಿ ಮಳೆಯಲ್ಲಿ ಮಗುಚಿ ಬಿದ್ದು ಲಡ್ಡಾಯಿತು. ಹುಟ್ಟು ಮಾತ್ರ ಕೊಟ್ಟಿಗೆಯ ಅಟ್ಟ ಸೇರಿತು.

2014ರಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡ. 16 ವರ್ಷ ಅವನು ಶುಗರ್‌ನ ಮನೆಯಲ್ಲಿ ಬಾಡಿಗೆಗಿದ್ದವನ ಹಾಗೆ ಬದುಕಿದ.

ಅಪ್ಪನಿಗೆ ಬಾಯಾರಿಕೆ ಶುರುವಾಗುವುದಕ್ಕೆ ಕೆಲವು ತಿಂಗಳು ಮೊದಲು, ಇಂಗ್ಲೆಂಡಿನಲ್ಲಿ ಇನ್ನೊಬ್ಬ ದೋಣಿಯವನಿಗೂ ಅಂಥದ್ದೇ ಬಾಯಾರಿಕೆ ಹತ್ತಿತ್ತು. ಅವನ ಹೆಸರು ಸ್ಟೀವ್ ರೆಡ್‌ಗ್ರೇವ್. ಅವನ ಕಥೆ ನನಗೆ ಗೊತ್ತಾಗಿದ್ದು 2019ರಲ್ಲಿ, ನನಗೇ ಶುಗರ್ ಬಂದ ಮೇಲೆ. ನನಗಾಗ 35. ಅವನಿಗೆ ಬಂದಾಗಲೂ 35.

ಹುಬ್ಬಳ್ಳಿಯಲ್ಲಿ ನಾನು ಸೇರಿದ ಜಿಮ್ಮಿನ ಮೂಲೆಯಲ್ಲಿ ರೋಯಿಂಗ್ ಮಷೀನ್ ಇತ್ತು. ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಅಪ್ಪ ನೆನಪಾಗುತ್ತಿದ್ದ. "ಕೈಯಿಂದ ಎಳಿಬ್ಯಾಡ್ರಿ ಸರ್, ಕಾಲಿಂದ ತಳ್ರಿ" ಅಂತ ಟ್ರೇನರ್ ಹುಡುಗ ಕಲಿಸಿಕೊಟ್ಟ. ಮೂರನೇ ವಾರ ಒಂದು ಬೆಳಿಗ್ಗೆ, ಮಾತ್ರೆ ನುಂಗಿ ತಿಂಡಿ ತಿನ್ನದೆ ಹೋಗಿದ್ದೆ. ಹತ್ತು ನಿಮಿಷದಲ್ಲಿ ಕೈ ನಡುಗಿತು. ತಣ್ಣನೆ ಬೆವರು. ಆ ಹುಡುಗನ ಮಾತು ಎಲ್ಲೋ ದೂರದಿಂದ ಬಂದ ಹಾಗೆ. ಅವನು ಬಾಯಿಗೆ ಗ್ಲುಕೋಸ್ ಹಾಕಿ ಕೂರಿಸಿದ. ಸಕ್ಕರೆ ಕೆಳಗಿಳಿದಿತ್ತು.

ಆಮೇಲೆ ಮೂರು ವಾರ ನಾನು ಜಿಮ್ಮಿನ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಯಾರಾದರೂ ಕೇಳಿದರೆ "ಹುಷಾರಿಲ್ಲ" ಅನ್ನುತ್ತಿದ್ದೆ. ಅಪ್ಪ ಹೇಳುತ್ತಿದ್ದುದೂ ಇದನ್ನೇ, ಇದೇ ದನಿಯಲ್ಲಿ. ಒಂದು ರಾತ್ರಿ ನಿದ್ದೆ ಬರದೆ, ಶುಗರ್ ಇದ್ದವರು ಮೈಮುರಿದು ವ್ಯಾಯಾಮ ಮಾಡಬಹುದಾ ಅಂತ ಮೊಬೈಲಿನಲ್ಲಿ ಹುಡುಕಿದೆ. ರೆಡ್‌ಗ್ರೇವ್ ಸಿಕ್ಕ.

ಅವನು ಹುಟ್ಟಿದ್ದು 1962ರಲ್ಲಿ, ಥೇಮ್ಸ್ ದಂಡೆಯ ಮಾರ್ಲೋ ಎಂಬ ಊರಿನಲ್ಲಿ. ಇಂಗ್ಲೆಂಡಿನಲ್ಲಿ ರೋಯಿಂಗ್ ಅನ್ನುವ ಈ ದೋಣಿ ಓಟದ ಆಟ ಹೆಚ್ಚಾಗಿ ಈಟನ್, ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ಕಡೆ ಓದಿದವರದ್ದು. ಇವನು ಮನೆ ಕಟ್ಟುವ ಕೆಲಸದವನ ಮಗ, ಓದಿದ್ದು ಊರಿನ ಸರ್ಕಾರಿ ಶಾಲೆಯಲ್ಲಿ. ಡಿಸ್ಲೆಕ್ಸಿಯಾ ಇದ್ದುದರಿಂದ ಅಕ್ಷರಗಳು ಅವನ ಕಣ್ಣೆದುರು ನಿಲ್ಲುತ್ತಿರಲಿಲ್ಲ. ಆ ಶಾಲೆಯ ಇಂಗ್ಲಿಷ್ ಮೇಷ್ಟ್ರು ಫ್ರಾನ್ಸಿಸ್ ಸ್ಮಿತ್ ದೋಣಿ ನಡೆಸಲು ಹುಡುಗರನ್ನು ಹುಡುಕುತ್ತಿದ್ದರು. ಇವನ ದೊಡ್ಡ ಕೈ, ದೊಡ್ಡ ಪಾದ ಅವರ ಕಣ್ಣಿಗೆ ಬಿತ್ತು. ಓದು ತಲೆಗೆ ಹತ್ತದ ಹುಡುಗನ ಕೈ ನೋಡಿ ಅದಕ್ಕೊಂದು ಹುಟ್ಟು ಕೊಟ್ಟ ಆ ಮೇಷ್ಟ್ರ ಬಗ್ಗೆ ನನಗೆ ಬಹಳ ಗೌರವ. 16ಕ್ಕೆ ಶಾಲೆ ಬಿಟ್ಟವನು ಆಮೇಲೆ ಬೇರೆ ದಾರಿ ನೋಡಲಿಲ್ಲ.

ಈ ಆಟ ಒಂದು ವಿಚಿತ್ರ ಶಿಕ್ಷೆ. ದೂರ 2000 ಮೀಟರ್. ನಾಲ್ವರ ದೋಣಿಗೆ ಇದು ಸುಮಾರು ಆರು ನಿಮಿಷದ ದಾರಿ. ಕೂರುವ ಸೀಟು ಹಿಂದೆ ಮುಂದೆ ಜಾರುತ್ತದೆ. ಕಾಲಿನಿಂದ ತಳ್ಳಬೇಕು, ಸೊಂಟ ಅದನ್ನು ದಾಟಿಸಬೇಕು, ಕೊನೆಗೆ ಕೈ ಎಳೆಯಬೇಕು. ನಿಮಿಷಕ್ಕೆ 35ರಿಂದ 40 ಸಲ. ಮೊದಲ ನಿಮಿಷದಲ್ಲೇ ತೊಡೆ ಉರಿಯಲು ಶುರು. ಇನ್ನೂ ಐದು ನಿಮಿಷ ಬಾಕಿ ಇರುತ್ತದೆ. ಮಷೀನಿನ ಮೇಲೆ ನಾನು ಒಂದೇ ಒಂದು ಸಲ 2000 ಮೀಟರ್ ಮುಗಿಸಿದ್ದೇನೆ, 9 ನಿಮಿಷ 40 ಸೆಕೆಂಡಿನಲ್ಲಿ. ಮುಗಿದ ಮೇಲೆ ನೆಲದ ಮೇಲೆ ಮಲಗಿಬಿಟ್ಟೆ. ಇವನು ಇದನ್ನು 25 ವರ್ಷ ಮಾಡಿದ.

ಒಬ್ಬನೇ ಎರಡು ಹುಟ್ಟು ಹಿಡಿದು ಗೆಲ್ಲಬೇಕು ಅನ್ನುವುದು ಮೊದಲು ಅವನ ಆಸೆಯಾಗಿತ್ತು. ಅದು ಕೈಗೂಡಲಿಲ್ಲ. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚುಕ್ಕಾಣಿಗನಿದ್ದ ನಾಲ್ವರ ದೋಣಿಯಲ್ಲಿ ಮೊದಲ ಚಿನ್ನ ಬಂತು. 1988ರಲ್ಲಿ ಸೋಲ್‌ನಲ್ಲಿ ಆಂಡಿ ಹೋಮ್ಸ್ ಜೊತೆ ಇಬ್ಬರ ದೋಣಿಯಲ್ಲಿ ಎರಡನೆಯದು.

ಈ ಹೋಮ್ಸ್ ಬಗ್ಗೆ ಓದುವಾಗ ಒಂದು ಕಡೆ ನಿಂತುಬಿಟ್ಟೆ. 2010ರಲ್ಲಿ, 51ನೇ ವಯಸ್ಸಿಗೆ ಅವನು ಸತ್ತುಹೋದ. ಕಾರಣ ಲೆಪ್ಟೊಸ್ಪೈರೋಸಿಸ್. ಅಂದರೆ ನಮ್ಮ ಇಲಿ ಜ್ವರ. ಗದ್ದೆಯ ಕೆಸರಿಗೆ ಇಳಿಯುವ ನಮ್ಮ ಕರಾವಳಿಯವರಿಗೆ ಆ ಹೆಸರು ಕೇಳಿದರೆ ಸಾಕು, ಮೈ ಜುಮ್ ಅನ್ನುತ್ತೆ. ಒಲಿಂಪಿಕ್ಸ್ ಗೆದ್ದವನೂ ನಮ್ಮೂರಿನ ಗದ್ದೆ ಕೆಲಸದವನೂ ಒಂದೇ ಜ್ವರಕ್ಕೆ ಹೋಗುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ರೆಡ್‌ಗ್ರೇವ್, ಹೋಮ್ಸ್ ದಡದ ಮೇಲೆ ಅಷ್ಟೇನೂ ಆಪ್ತರಾಗಿರಲಿಲ್ಲ. ಆದರೆ ನೀರಿಗೆ ಇಳಿದರೆ ಅವರನ್ನು ಸೋಲಿಸುವುದು ಸುಲಭವಿರಲಿಲ್ಲ.

ಆಮೇಲೆ ಬಂದವನು ಮ್ಯಾಥ್ಯೂ ಪಿನ್ಸೆಂಟ್. ಈಟನ್, ಆಕ್ಸ್‌ಫರ್ಡ್‌ನಲ್ಲಿ ಓದಿದ ಹುಡುಗ, ಎಂಟು ವರ್ಷ ಸಣ್ಣವನು. ಪೂರ್ವ ಜರ್ಮನಿಯಿಂದ ಬಂದ ಕೋಚ್ ಯೂರ್ಗೆನ್ ಗ್ರೋಬ್ಲರ್ ಇವರಿಬ್ಬರನ್ನು ತಯಾರು ಮಾಡಿದ. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಇನ್ನೇನು ಹೊರಡಬೇಕು, ರೆಡ್‌ಗ್ರೇವ್‌ಗೆ ದೊಡ್ಡ ಕರುಳಿನ ಹುಣ್ಣಿನ ಕಾಯಿಲೆ ಅಂಟಿಕೊಂಡಿತು, ಅಲ್ಸರೇಟಿವ್ ಕೊಲೈಟಿಸ್. ರಕ್ತ ಹೋಗುವ, ಮೈ ಸೋಲಿಸುವ ಕಾಯಿಲೆ ಅದು. ಔಷಧ ತೆಗೆದುಕೊಂಡೇ ಹೋಗಿ ಇಬ್ಬರೂ ಚಿನ್ನ ಗೆದ್ದರು. 1996ರಲ್ಲಿ ಅಟ್ಲಾಂಟಾದಲ್ಲಿ ಮತ್ತೆ ಗೆದ್ದರು. ಇಡೀ ಬ್ರಿಟನ್‌ಗೆ ಆ ಸಲ ಸಿಕ್ಕಿದ್ದು ಅದೊಂದೇ ಚಿನ್ನ. ಗೆದ್ದ ತಕ್ಷಣ ಕ್ಯಾಮೆರಾ ಮುಂದೆ, ಇನ್ನು ಮೇಲೆ ನಾನು ದೋಣಿಯ ಹತ್ತಿರ ಹೋಗುವುದನ್ನು ಯಾರಾದರೂ ಕಂಡರೆ ಗುಂಡು ಹೊಡೆಯಿರಿ, ನನ್ನ ಅನುಮತಿ ಇದೆ ಅಂದ. ದಣಿವು ಎಷ್ಟಿತ್ತು ಅಂತ ಆ ಮಾತಿನಲ್ಲೇ ಗೊತ್ತಾಗುತ್ತೆ, ಅಲ್ವಾ? ನಾಲ್ಕು ತಿಂಗಳು ಕಳೆಯಿತು. ಮತ್ತೆ ದೋಣಿ ಹತ್ತಿದ.

ಈ ಸಲ ಇಬ್ಬರ ದೋಣಿಯಲ್ಲ, ನಾಲ್ವರದ್ದು. ಪಿನ್ಸೆಂಟ್ ಜೊತೆಗೆ ಟಿಮ್ ಫಾಸ್ಟರ್, ಜೇಮ್ಸ್ ಕ್ರ್ಯಾಕ್‌ನೆಲ್. 1997ರಲ್ಲೇ ಅವರು ವಿಶ್ವ ಚಾಂಪಿಯನ್ನರಾದರು. ಅದೇ ವರ್ಷದ ಕೊನೆಗೆ ಬಾಯಾರಿಕೆ ಬಂತು. ಎಷ್ಟು ನೀರು ಕುಡಿದರೂ ಸಾಲದು. ಪರೀಕ್ಷೆಯಲ್ಲಿ ಮಧುಮೇಹ. ಹೆಂಡತಿ ಆ್ಯನ್ ಸ್ವತಃ ಡಾಕ್ಟರ್, ಅವಳೂ ಒಲಿಂಪಿಕ್ಸ್‌ನಲ್ಲಿ ಹುಟ್ಟು ಹಾಕಿದವಳು. ಆದರೂ ರೆಡ್‌ಗ್ರೇವ್‌ಗೆ ಮೊದಲು ಅನ್ನಿಸಿದ್ದು, ಇಲ್ಲಿಗೆ ಮುಗಿಯಿತು ಅಂತ.

ಇಲ್ಲಿಯವರೆಗೆ ಅಪ್ಪನೂ ಅವನೂ ಒಂದೇ ದೋಣಿಯಲ್ಲಿದ್ದಾರೆ. ಇಬ್ಬರಿಗೂ ಅನ್ನಿಸಿದ್ದು ಒಂದೇ. ಬೇರೆಯಾಗಿದ್ದು ಆಮೇಲೆ ಕೇಳಿಸಿಕೊಂಡ ಮಾತು. ಮೂರು ವರ್ಷದ ನಂತರ ಸಿಡ್ನಿಯಲ್ಲಿ ನೀನು ಗೆಲ್ಲಬಾರದು ಅನ್ನುವುದಕ್ಕೆ ನನಗೇನೂ ಕಾರಣ ಕಾಣುತ್ತಿಲ್ಲ, ಆದರೆ ಸುಲಭ ಇಲ್ಲ ಅಂತ ಅವನ ತಜ್ಞರು ಹೇಳಿದರು. ಅಪ್ಪನಿಗೆ ಎಲ್ಲರೂ ಹೇಳಿದ್ದು "ಇನ್ನು ಜೋಪಾನ" ಅಂತ. ನೆಂಟರು, ಅಂಗಡಿಯವರು, ದೇವಸ್ಥಾನದಲ್ಲಿ ಸಿಕ್ಕವರು, ನಾವು ಕೂಡ. ಆ ಮಾತಿನಲ್ಲಿ ಪ್ರೀತಿ ಇತ್ತು. ಆದರೆ ಏನು ಬಿಡಬೇಕು ಅಂತ ನೂರು ಜನ ಹೇಳಿದರು, ಏನು ಮಾಡಬಹುದು ಅಂತ ಒಬ್ಬರೂ ಹೇಳಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ.

ರೆಡ್‌ಗ್ರೇವ್ ಮಾಡಿದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಧೈರ್ಯ ಅಂತ ಒಂದು ಪದ ಹೇಳಿ ಮುಗಿಸುವ ವಿಷಯ ಇದಲ್ಲ. ಇದರಲ್ಲಿ ಇರುವುದು ಲೆಕ್ಕ. ನಾವು ತಿಂದಿದ್ದು ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತೆ. ಅದು ಮಾಂಸಖಂಡದ ಒಳಗೆ ಹೋಗಬೇಕಾದರೆ ಇನ್ಸುಲಿನ್ ಬಾಗಿಲು ತೆಗೆಯಬೇಕು. ಬಾಗಿಲು ತೆರೆಯದಿದ್ದರೆ ರಕ್ತದ ತುಂಬ ಸಕ್ಕರೆ, ಆದರೆ ಮೈಯಲ್ಲಿ ಕಸುವಿಲ್ಲ. ಅವನು ದಿನಕ್ಕೆ ಎರಡು ಮೂರು ಸಲ ನೀರಿಗಿಳಿದು ತಾಲೀಮು ಮಾಡುವವನು. ಅಂಥ ಮೈಗೆ ದಿನಕ್ಕೆ ಸುಮಾರು 6000 ಕ್ಯಾಲೊರಿ ಬೇಕು. ಅಂದರೆ ನಮ್ಮಂಥವರ ಊಟದ ಎರಡೂವರೆ ಪಟ್ಟು. ಮೊದಲು ಅವನೂ ಎಲ್ಲರ ಹಾಗೆ ಸಿಹಿ ಬಿಟ್ಟು ಪಥ್ಯ ಹಿಡಿದ. ಬಲ ಇಳಿಯಿತು. ಆಮೇಲೆ ತಜ್ಞರ ಜೊತೆ ಕೂತು ಲೆಕ್ಕವನ್ನೇ ತಿರುಗಿಸಿದ. ಮೊದಲಿನ ಹಾಗೇ ತಿನ್ನುವುದು, ಇನ್ಸುಲಿನ್ ಅನ್ನು ಆ ಊಟಕ್ಕೆ, ಆ ತಾಲೀಮಿಗೆ ಹೊಂದಿಸುವುದು. ದಿನಕ್ಕೆ ಹಲವು ಸಲ ಬೆರಳು ಚುಚ್ಚಿ ನೋಡುವುದು, ಹಲವು ಸಲ ಇನ್ಸುಲಿನ್ ಚುಚ್ಚಿಕೊಳ್ಳುವುದು.

ಇದರಲ್ಲಿ ಅಪಾಯವೂ ಇದೆ. ಇನ್ಸುಲಿನ್ ತೆಗೆದುಕೊಂಡು ಜೋರಾಗಿ ದುಡಿದರೆ ಸಕ್ಕರೆ ಒಮ್ಮೆಲೇ ಕುಸಿಯುತ್ತೆ. ನಾನು ಮಷೀನಿನ ಮೇಲೆ ಅನುಭವಿಸಿದ್ದು ಅದರದ್ದೇ ಒಂದು ಸಣ್ಣ ರುಚಿ. ಹಾಗಾಗಿ ಅವನು ಊಟ ಮಾಡಿದ ಹಾಗೆ ಶುಗರ್ ಇದ್ದವರೆಲ್ಲ ಊಟ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಅವನ ಮೈ ಬೇರೆ, ಅವನ ದುಡಿತ ಬೇರೆ. ನನ್ನ ತಟ್ಟೆಯಲ್ಲಿ ಅನ್ನ ಅರ್ಧಕ್ಕಿಳಿದಿದೆ, ಇಳಿದೇ ಇರಬೇಕು. ಆದರೆ ಲೆಕ್ಕ ಹಾಕುವ ರೀತಿ ಎಲ್ಲರಿಗೂ ಒಂದೇ. ಮೈಗೆ ಏನು ಮಾಡಿಸಬೇಕು ಅನ್ನುವುದನ್ನು ಅವನು ಮೊದಲು ಇಟ್ಟುಕೊಂಡ. ಔಷಧವನ್ನು ಅದಕ್ಕೆ ತಕ್ಕಂತೆ ಜೋಡಿಸಿದ. ಅಪ್ಪ ಔಷಧವನ್ನು ಮೊದಲು ಇಟ್ಟು, ಉಳಿದ ಬದುಕನ್ನು ಅದರ ಸುತ್ತ ಕತ್ತರಿಸುತ್ತಾ ಹೋದ. ಶುಗರ್ ನನ್ನ ಜೊತೆ ಬಾಳಬೇಕೇ ಹೊರತು ನಾನು ಅದರ ಜೊತೆ ಅಲ್ಲ ಅಂತ ರೆಡ್‌ಗ್ರೇವ್ ಆಮೇಲೆ ಹಲವು ಕಡೆ ಹೇಳಿದ್ದಾನೆ. ಮೊದಲ ಸಲ ಓದಿದಾಗ ಸುಮ್ನೆ ಒಂದು ಚೆಂದದ ಮಾತು ಅನ್ನಿಸಿತ್ತು. ಈ ಲೆಕ್ಕ ಅರ್ಥವಾದ ಮೇಲೆ ಅದರ ತೂಕ ಗೊತ್ತಾಯಿತು.

ಇನ್ನೊಂದು ತೊಡಕೂ ಇತ್ತು. 1998ರಲ್ಲಿ ಒಲಿಂಪಿಕ್ ಸಮಿತಿ ಇನ್ಸುಲಿನ್ ಅನ್ನು ನಿಷೇಧಿತ ಮದ್ದುಗಳ ಪಟ್ಟಿಗೆ ಸೇರಿಸಿತು. ಶುಗರ್ ಇದ್ದವರಿಗೆ ಮಾತ್ರ ವೈದ್ಯರ ಪತ್ರದ ಮೇಲೆ ರಿಯಾಯಿತಿ. ಅವನನ್ನು ಬದುಕಿಸಿಟ್ಟ ಔಷಧ, ಪಕ್ಕದ ದೋಣಿಯವನು ತೆಗೆದುಕೊಂಡರೆ ಮೋಸ.

ಹೀಗೆ ಮೂರು ವರ್ಷ. 1998, 1999ರಲ್ಲೂ ವಿಶ್ವ ಚಾಂಪಿಯನ್. ಆದರೆ 2000ದ ಜುಲೈನಲ್ಲಿ, ಒಲಿಂಪಿಕ್ಸ್‌ಗೆ ಎರಡೇ ತಿಂಗಳು ಇರುವಾಗ, ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಅವರ ದೋಣಿ ಸೋತಿತು. ಸೋತಿತು ಅಂದರೆ ಕೂದಲೆಳೆಯಲ್ಲಿ ಅಲ್ಲ, ನಾಲ್ಕನೇ ಸ್ಥಾನ. ಅವನಿಗೆ 38 ವರ್ಷ. ಕರುಳಿನ ಕಾಯಿಲೆ, ಶುಗರ್. ಬಿಡಲು ಇದಕ್ಕಿಂತ ಒಳ್ಳೆಯ ನೆಪ ಯಾರಿಗೆ ಸಿಗುತ್ತೆ ಹೇಳಿ. ನಾನಾಗಿದ್ದರೆ ಅವತ್ತೇ ಮನೆಗೆ ಹೋಗುತ್ತಿದ್ದೆ.

2000ದ ಸೆಪ್ಟೆಂಬರ್ 23, ಸಿಡ್ನಿ ಹತ್ತಿರದ ಪೆನ್ರಿತ್. ಆ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ. ದೋಣಿಯ ತುದಿಯಲ್ಲಿ ಕ್ರ್ಯಾಕ್‌ನೆಲ್, ಎರಡನೆಯವನು ರೆಡ್‌ಗ್ರೇವ್, ಆಮೇಲೆ ಫಾಸ್ಟರ್, ತಾಳ ಹಿಡಿಯುವ ಜಾಗದಲ್ಲಿ ಪಿನ್ಸೆಂಟ್. ಬ್ರಿಟನ್ ದೋಣಿ ಮುಂದಿದೆ. ಆದರೆ ಬಹಳ ಮುಂದಿಲ್ಲ. ಕೊನೆಯ 250 ಮೀಟರ್‌ನಲ್ಲಿ ಇಟಲಿಯವರು ನುಗ್ಗಿ ಬರುತ್ತಾರೆ. ಪ್ರತಿ ಸಲ ನೋಡುವಾಗಲೂ ಈ ಸಲ ಇಟಲಿ ಗೆದ್ದುಬಿಡುತ್ತೆ ಅಂತಲೇ ನನಗೆ ಭಯ. ಗೆಲುವಿನ ಅಂತರ 0.38 ಸೆಕೆಂಡ್. ಆರು ನಿಮಿಷ ಎಳೆದದ್ದಕ್ಕೆ, ಮೂರು ವರ್ಷ ಚುಚ್ಚಿಕೊಂಡಿದ್ದಕ್ಕೆ, ಕಣ್ಣು ಮಿಟುಕಿಸುವಷ್ಟು ಜಾಗ.

ಗೆದ್ದ ಮೇಲೆ ರೆಡ್‌ಗ್ರೇವ್ ಕೈ ಎತ್ತಿ ಕುಣಿಯುವುದಿಲ್ಲ. ಬಗ್ಗಿ ಕೂರುತ್ತಾನೆ, ಉಸಿರಿಗಾಗಿ ಒದ್ದಾಡುತ್ತಾನೆ. ಪಿನ್ಸೆಂಟ್ ಫಾಸ್ಟರ್‌ನ ಮೈಮೇಲೆ ಹತ್ತಿ ಬಂದು ಅವನನ್ನು ತಬ್ಬಿಕೊಂಡು, ಆಮೇಲೆ ದಬಕ್ಕನೆ ನೀರಿಗೆ ಬೀಳುತ್ತಾನೆ. ಐದು ಒಲಿಂಪಿಕ್ಸ್, ಐದು ಚಿನ್ನ. ಆಮೇಲೆ ಸರ್ ಪದವಿ ಬಂತು. ಎಷ್ಟೋ ವರ್ಷದ ಮೇಲೆ ಚೀನಾ ತಂಡವನ್ನು ತಯಾರು ಮಾಡಲು ಹೋದ. ಅದೆಲ್ಲ ಇರಲಿ. ನನಗೆ ಕಾಡುವುದು ಬಗ್ಗಿ ಕೂತ ಆ ಬೆನ್ನು. ಅಪ್ಪ ಕಾಯಿ ತುಂಬಿದ ದೋಣಿಯನ್ನು ದಡಕ್ಕೆ ತಂದು ಹೀಗೇ ಬಗ್ಗಿ ಕೂರುತ್ತಿದ್ದ, ಮಾತಾಡಿಸಿದರೆ ಒಂದು ನಿಮಿಷ ತಡಿ ಅಂತ ಕೈ ಮಾಡುತ್ತಿದ್ದ.

ಆ ಸೆಪ್ಟೆಂಬರ್‌ನಲ್ಲಿ ನಮ್ಮ ಮನೆಗೆ ಬಂದ ಒಲಿಂಪಿಕ್ಸ್ ಸುದ್ದಿ ಅಂದರೆ ಕರ್ಣಂ ಮಲ್ಲೇಶ್ವರಿಯ ಕಂಚು ಮಾತ್ರ. ಅಪ್ಪ ಪೇಪರಿನಲ್ಲಿ ಅವಳ ಫೋಟೊ ನೋಡಿ ಖುಷಿಪಟ್ಟಿದ್ದು ನೆನಪಿದೆ. ಪೆನ್ರಿತ್‌ನಲ್ಲಿ ಆ ದೋಣಿ ಗೆಲ್ಲುವಾಗ ನಮ್ಮಲ್ಲಿ ಬೆಳಗಿನ ಜಾವ. ಅಪ್ಪ ಆಗತಾನೇ ಎದ್ದು ಮೆಂತ್ಯ ನೆನೆಸಿದ ನೀರು ಕುಡಿಯುತ್ತಿದ್ದಿರಬೇಕು. ಶುಗರ್ ಇರುವ ಒಬ್ಬ ದೋಣಿಯವನು ಇವತ್ತು ಜಗತ್ತನ್ನೇ ಗೆದ್ದನಂತೆ ಅಂತ ಅವತ್ತು ಅವನಿಗೆ ಯಾರಾದರೂ ಹೇಳಿದ್ದರೆ? ಅವನು ದೋಣಿ ಬಿಟ್ಟಿದ್ದು ಅದಾದ ಮರುವರ್ಷ.

ಅಪ್ಪನದು ತಪ್ಪು ಅಂತ ನಾನು ಯಾವತ್ತೂ ಹೇಳಲಾರೆ. ರೆಡ್‌ಗ್ರೇವ್ ಹಿಂದೆ ಡಾಕ್ಟರ್ ಹೆಂಡತಿ ಇದ್ದಳು, ತಜ್ಞರಿದ್ದರು, ಅಟ್ಲಾಂಟಾ ಆದ ಮೇಲೆ ಆಟಗಾರರಿಗೆ ಸಿಗತೊಡಗಿದ ಲಾಟರಿ ಹಣವಿತ್ತು. ಬೇಕೆಂದಾಗ ಚುಚ್ಚಿ ನೋಡುವ ಯಂತ್ರವಿತ್ತು. ಅಪ್ಪನಿಗೆ ಮೂರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋದರೆ ಒಂದು ಸಂಖ್ಯೆ ಸಿಗುತ್ತಿತ್ತು. ಉಳಿದ 90 ದಿನ ಕತ್ತಲೆ. ಕತ್ತಲೆಯಲ್ಲಿ ಯಾರು ತಾನೇ ನದಿ ದಾಟುತ್ತಾರೆ?

ನಾನು ಮತ್ತೆ ಮಷೀನಿಗೆ ಹೋದೆ. ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಮಾತ್ರೆ ಬದಲಿಸಿದರು, ಯಾವಾಗ ತಿನ್ನಬೇಕು ಅಂತ ಬರೆದುಕೊಟ್ಟರು. ಶುರು ಮಾಡುವ ಮೊದಲು ಒಂದು ಸಲ ಬೆರಳು ಚುಚ್ಚುವುದು, ಮುಗಿಸಿ ಒಂದು ಸಲ. ಒಂದು ಪುಸ್ತಕ ಇಟ್ಟಿದ್ದೇನೆ. ಅದರಲ್ಲಿ ಎಡಕ್ಕೆ ಶುಗರ್, ಬಲಕ್ಕೆ ಮೀಟರ್.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಹತ್ತಿ ಅಪ್ಪನ ಹುಟ್ಟು ಇಳಿಸಿದೆ. ಗೆದ್ದಲು ಹಿಡಿದಿರಲಿಲ್ಲ. ಹಿಡಿಯುವ ಜಾಗ ಅವನ ಅಂಗೈಗೆ ಸವೆದು ನುಣ್ಣಗಾಗಿತ್ತು. ಪಕ್ಕದ ಮನೆಯ ಅಣ್ಣನ ದೋಣಿ ಕೇಳಿ ತಂದೆ. ಆಯಿ ಜಗಲಿಯಿಂದ ನೋಡುತ್ತಿದ್ದವಳು ಮೆಟ್ಟಿಲ ತನಕ ಓಡಿ ಬಂದಳು. "ತಮಾ, ಹೋಗಡ. ನಿಂಗೂ ಶುಗರ್ ಇದ್ದು."

ಅವಳ ಮುಂದೆಯೇ ಬೆರಳು ಚುಚ್ಚಿದೆ. 152. ಜೇಬಿನಲ್ಲಿ ಎರಡು ಬಾಳೆಹಣ್ಣು, ಗ್ಲುಕೋಸ್ ಪೊಟ್ಟಣ. ತೋರಿಸಿದೆ. ಅವಳು ಏನೂ ಅನ್ನಲಿಲ್ಲ, ಮೆಟ್ಟಿಲ ಮೇಲೆ ಕೂತಳು.

ಮಷೀನಿಗೂ ನದಿಗೂ ಸಂಬಂಧವೇ ಇಲ್ಲ. ದೋಣಿ ಎರಡು ಸಲ ಸುತ್ತು ತಿರುಗಿತು. ಹುಟ್ಟು ಹಾಕಿದಾಗಲೆಲ್ಲ ಚಪ್ ಚಪ್ ಸದ್ದು. ಭರತದ ನೀರು ನಿಂತಿದ್ದರಿಂದ ಬಚಾವಾದೆ. ಕುರ್ವೆ ಮುಟ್ಟಿದಾಗ ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. ತೆಂಗಿನ ಮರಕ್ಕೆ ಒರಗಿ ಕೂತು ಮತ್ತೆ ಚುಚ್ಚಿದೆ. 101. ಒಂದು ಬಾಳೆಹಣ್ಣು ತಿಂದೆ. ಆಚೆ ದಡದಲ್ಲಿ ಆಯಿ ಇನ್ನೂ ಕೂತೇ ಇದ್ದಳು.

ವಾಪಸ್ ಬಂದು ಹುಟ್ಟನ್ನು ಅಟ್ಟಕ್ಕೆ ಹಾಕಲು ಹೊರಟೆ. ಅಲ್ಲೇ ಜಗಲಿ ಮೂಲೆಗೆ ಒರಗಿಸಿಡು ಅಂದಳು ಆಯಿ. ಒಳಗೆ ಹೋಗುತ್ತಾ, ಹಿಂದೆ ತಿರುಗದೆ, ನಾಳೆ ಭರತ ಏಳೂವರೆಗೆ ಅಂದಳು.